ಕಣ್ಣು ಬಿಟ್ಟಿದ್ದ ಐವತ್ತು ಸೆಕೆಂಡು

ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ವಿಮಾನ ಓಡಿಸುವವನಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರಿಗೂ ಅವನು ಹೆಲ್ಮೆಟ್ಟಣ್ಣ. ಊರಾಚೆಯ ಸಣ್ಣ ವಿಮಾನ ಮೈದಾನದಲ್ಲಿ ಅವನ ಕೆಲಸ. ಚೆನ್ನಾಗಿ ಹಾರುತ್ತಿರುವ ವಿಮಾನದಿಂದ, ಅದೂ ಕೈಯಿಂದ ದುಡ್ಡು ಕೊಟ್ಟು, ಕೆಳಕ್ಕೆ ಧುಮುಕುವ ಜನ ರಜೆ ದಿನ ಅಲ್ಲಿ ಸೇರುತ್ತಾರೆ. ಅವರ ಜೊತೆ ತಾನೂ ಧುಮುಕಿ, ಅವರು ಬೀಳುವುದನ್ನು ತಲೆಯ ಮೇಲಿನ ಕ್ಯಾಮೆರಾದಲ್ಲಿ ಹಿಡಿದು ಕೊಡುವವನು ಇವನು. ಹದಿನಾಲ್ಕು ವರ್ಷದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸಲ ಆಕಾಶದಿಂದ ಬಿದ್ದಿದ್ದಾನೆ. ಮನೆಯಲ್ಲಿ ಬಲ್ಬು ಬದಲಾಯಿಸಲು ಸ್ಟೂಲು ಹತ್ತು ಅಂದರೆ ಮಾತ್ರ, “ಏ, ಸ್ವಲ್ಪ ಗಟ್ಟಿಯಾಗಿ ಹಿಡ್ಕೋ,” ಅನ್ನುತ್ತಾನೆ.

ಹೆಲ್ಮೆಟ್ಟು ಅವನೇ ಕೂತು ಮಾಡಿಕೊಂಡದ್ದು. ಬಲಗಡೆ ಒಂದು ತಗಡಿನ ಪಟ್ಟಿ, ಅದರ ಮೇಲೆ ಮುಷ್ಟಿಯಷ್ಟು ಕ್ಯಾಮೆರಾ, ಗಾಳಿಗೆ ಸಡಿಲವಾಗದಂತೆ ಸ್ಕ್ರೂಗಳಿಗೆ ಅಂಟು. ಕಿವಿಯ ಹತ್ತಿರ ಒಂದು ಗುಂಡಿ. ಒಮ್ಮೆ ಒತ್ತಿದರೆ ಶುರು, ಅದನ್ನೇ ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ತಲೆಯ ಮೇಲಿನ ಕ್ಯಾಮೆರಾ ಓಡುತ್ತಿದೆಯೋ ಇಲ್ಲವೋ ಹೊತ್ತವನಿಗೆ ಕಾಣುವುದಿಲ್ಲ. ವಿಮಾನದ ಸದ್ದಿನಲ್ಲಿ ಅದರ ಕುಂಯ್ ಎನ್ನುವ ದನಿ ಕೇಳುವುದೂ ಇಲ್ಲ. ಅದಕ್ಕೆಂದೇ ಬಗ್ಗಿಸಿದ ತಂತಿಯ ತುದಿಗೆ ಸಾಸಿವೆಯಷ್ಟು ಕೆಂಪು ದೀಪ ಕಟ್ಟಿ, ಎಡಗಣ್ಣಿನ ಮುಂದೆ ಬರುವಂತೆ ಕೂರಿಸಿದ್ದ. ಬಾಗಿಲಲ್ಲಿ ನಿಂತಾಗ ಮೊದಲು ದೀಪ ನೋಡು, ಆಮೇಲೆ ನೆಲ ನೋಡು ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನೂ ಅವನೇ. ಆ ದೀಪ ಕೆಟ್ಟು ಒಂಬತ್ತು ದಿನವಾಗಿತ್ತು. ಬೆಸುಗೆ ಹಾಕಿದರೆ ಹತ್ತು ನಿಮಿಷದ ಕೆಲಸ. ಆದರೆ ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಜಿಗಿತವನ್ನೂ ಕಳೆದುಕೊಳ್ಳದ ಮಹಾನುಭಾವನಿಗೆ ದೀಪ ಯಾಕೆ? “ನನ್ನ ಬೆರಳಿಗೇ ಗೊತ್ತಾಗುತ್ತೆ,” ಅನ್ನುತ್ತಿದ್ದ. ಜಂಬದ ಕೋಳಿಗೆ ಬುದ್ಧಿ ಹೇಳುವವರು ಯಾರು?

ಹೇಳುವವಳು ಒಬ್ಬಳಿದ್ದಳು. ಅವನ ಹೆಂಡತಿ ಅದೇ ಮೈದಾನದ ಶೆಡ್ಡಿನಲ್ಲಿ ಪ್ಯಾರಾಚೂಟು ಮಡಿಸುತ್ತಾಳೆ. ಒಮ್ಮೆ ಮಡಿಸಿ, ಚೀಲ ಮುಚ್ಚಿ, ಸಹಿ ಹಾಕಿದ ಮೇಲೆ, ಹಗ್ಗವೊಂದು ಸರಿಯಾಗಿ ಕೂತಿತ್ತೋ ಇಲ್ಲವೋ ಎಂಬ ಅನುಮಾನ ಹೊಕ್ಕಿತು. ವಿಮಾನ ಹತ್ತಿ ಕೂತಿದ್ದವನನ್ನು ಇಳಿಸಿ, ಬಿಚ್ಚಿ ನೋಡಿದಳು. ಹಗ್ಗ ಸರಿಯಾಗೇ ಇತ್ತು. ಮೈದಾನದ ಯಜಮಾನ ಕೂಗಾಡಿದ. “ಸರಿ ಇತ್ತು ಅಂತ ಬಿಚ್ಚಿದ ಮೇಲೆ ತಾನೇ ಗೊತ್ತಾಗಿದ್ದು?” ಅಂದಳು, ಮತ್ತೆ ಮಡಿಸಲು ಕೂತಳು. ಅಂಥವಳು “ರೀ, ಆ ದೀಪ ಸರಿ ಮಾಡ್ಕೊಳ್ರೀ” ಎಂದು ಗಂಡನಿಗೆ ಮೂರು ಸಲ ಹೇಳಿ, ನಾಲ್ಕನೆಯ ಸಲ ಸುಮ್ಮನಾಗಿದ್ದಳು.

ಆ ಭಾನುವಾರ ಹಾರಲು ಬಂದವಳು ಲಾಂಡ್ರಿ ಅಕ್ಕ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷ ರೋಗಿಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿದ ಹೆಂಗಸು. ಇನ್ನೆರಡು ತಿಂಗಳಿಗೆ ನಿವೃತ್ತಿ. ಆಕೆಗೆ ಎತ್ತರವೆಂದರೆ ಪ್ರಾಣಭಯ. ಲಿಫ್ಟಿನಲ್ಲೂ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಾಳೆಂಬುದು ನೆಲಮಾಳಿಗೆಯ ಹಳೆಯ ತಮಾಷೆ. ಜೊತೆಯವರೆಲ್ಲ ಸೇರಿ ಆಕೆಗೆ ಈ ಜಿಗಿತವನ್ನು ಉಡುಗೊರೆ ಕೊಟ್ಟಿದ್ದರು, ಅರ್ಧ ಪ್ರೀತಿಗೆ, ಅರ್ಧ ಚೇಷ್ಟೆಗೆ. ಬೇಡ ಅನ್ನುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಆಕೆ ಬಂದೇಬಿಟ್ಟಳು.

ಹಳದಿ ಅಂಗಿ, ಕನ್ನಡಕ, ಕೈಗವಸು ತೊಡಿಸುತ್ತಿದ್ದಾಗ ಆಕೆ ಹೆಲ್ಮೆಟ್ಟಣ್ಣನನ್ನು ಪಕ್ಕಕ್ಕೆ ಕರೆದಳು.

“ನೋಡಪ್ಪಾ, ನನ್ನ ಕೈಕಾಲು ಹೇಗಾದ್ರೂ ಬರ್ಲಿ. ನೀನು ಮುಖ ಮಾತ್ರ ಹಿಡಿ. ಕಣ್ಣು ಬಿಟ್ಕೊಂಡೇ ಹಾರ್ತೀನಿ ಅಂತ ಎಲ್ಲರ ಮುಂದೆ ಹೇಳಿ ಬಂದಿದ್ದೀನಿ. ಹುಟ್ಟಿದಾಗಿಂದ ಹೆದರ್ಕೊಂಡೇ ಬದುಕಿದ್ದಾಯ್ತು. ಒಂದು ಸಲ ಹೆದರಲಿಲ್ಲ ಅಂತ ನನಗೇ ಗೊತ್ತಾಗ್ಬೇಕು.”

“ಅಕ್ಕಾ, ನಿಮ್ಮ ರೆಪ್ಪೆ ಎಷ್ಟು ಸಲ ಬಡೀತು ಅಂತ ಎಣಿಸ್ಕೋಬಹುದು, ಹಾಗೆ ಹಿಡಿದು ಕೊಡ್ತೀನಿ,” ಅಂದ.

ವಿಮಾನದೊಳಗೆ ಬೆಂಚಿನ ಮೇಲೆ ಕೂತ ಅಕ್ಕನನ್ನು ಒಂದಿಷ್ಟು ಹಿಡಿದ. ಆಮೇಲೆ ನಿಲ್ಲಿಸಲೆಂದು ಗುಂಡಿ ಒತ್ತಿದ. ಕೈಗವಸಿನ ಬೆರಳು ಜಾರಿತು. ಗುಂಡಿ ಒತ್ತಿಕೊಳ್ಳಲಿಲ್ಲ, ಕ್ಯಾಮೆರಾ ನಿಲ್ಲಲಿಲ್ಲ. ಬಾಗಿಲು ತೆರೆದಾಗ ಶುರು ಮಾಡಲೆಂದು ಮತ್ತೆ ಒತ್ತಿದ, ಈ ಸಲ ಸರಿಯಾಗಿ. ಓಡುತ್ತಿದ್ದ ಕ್ಯಾಮೆರಾ ಅಲ್ಲಿಗೆ ನಿಂತಿತು. ದೀಪವಿದ್ದಿದ್ದರೆ ಕಾಣುತ್ತಿತ್ತು.

ಆಕೆಯನ್ನು ಹಿಂದಿನಿಂದ ತನ್ನ ಎದೆಗೆ ಬಿಗಿದುಕೊಂಡ ತರಬೇತುದಾರ ಧುಮುಕಿದ. ಹೆಲ್ಮೆಟ್ಟಣ್ಣ ಎದುರಿಗೆ, ಎರಡು ಮಾರು ದೂರದಲ್ಲಿ, ಅವರ ಜೊತೆಗೇ ಬಿದ್ದ. ಪ್ಯಾರಾಚೂಟು ತೆರೆಯುವವರೆಗೆ ಐವತ್ತು ಸೆಕೆಂಡು. ತರಬೇತುದಾರನಿಗೆ ಕಾಣುವುದು ಆಕೆಯ ನೆತ್ತಿ ಮಾತ್ರ. ಮುಖ ಕಾಣುವುದು ಕ್ಯಾಮೆರಾದವನಿಗೆ. ಅವನು ನೋಡಿದ. ಮೊದಲು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು. ನಂತರ ಎಡಗಣ್ಣು ತೆರೆಯಿತು, ಆಮೇಲೆ ಬಲಗಣ್ಣು. ಕೆನ್ನೆ ಗಾಳಿಗೆ ಪಟಪಟನೆ ಬಡಿಯುತ್ತಿದ್ದರೂ ಆಕೆ ಮತ್ತೆ ಕಣ್ಣು ಮುಚ್ಚಲಿಲ್ಲ. ಅವನನ್ನು ನೋಡಿದಳು, ಅವನನ್ನು ದಾಟಿ ಕೆಳಗೆ ನೋಡಿದಳು, ಏನೋ ಕೂಗಿದಳು. ಮೂರು ಸಾವಿರ ಮುಖ ನೋಡಿದವನಿಗೂ ಒಂದು ಕ್ಷಣ ಎದೆ ತುಂಬಿ ಬಂತು.

ನೆಲಕ್ಕಿಳಿದ ಮೇಲೆ ಆಕೆ ಓಡೋಡಿ ಬಂದಳು. “ಬಿಟ್ಟಿದ್ದೆ ಅಲ್ವೇನಪ್ಪಾ? ಕಣ್ಣು ಬಿಟ್ಟಿದ್ದೆ ಅಲ್ವಾ?”

ಅವನು ಬೆಲ್ಟು ಬಿಚ್ಚುವ ಗಡಿಬಿಡಿಯಲ್ಲಿದ್ದ. “ಬಿಟ್ಟಿದ್ರಿ, ಬಿಟ್ಟಿದ್ರಿ. ವಿಡಿಯೋದಲ್ಲಿ ನೀವೇ ನೋಡ್ಕೊಳ್ಳಿ,” ಅಂದ.

ಕಂಪ್ಯೂಟರ್ ಕೋಣೆಯಲ್ಲಿ ಕಾರ್ಡು ಹಾಕಿ ನೋಡಿದರೆ, ವಿಮಾನದ ಬೆಂಚು ಇತ್ತು, ಬಾಗಿಲು ಇತ್ತು, ತೆರೆದ ಆಕಾಶ ಇತ್ತು, ಅಷ್ಟಕ್ಕೇ ಮುಗಿಯಿತು. ಅದಾದ ಮೇಲಿನ ತುಣುಕು ಶುರುವಾಗುತ್ತಿದ್ದುದು, ಪ್ಯಾರಾಚೂಟು ತೆರೆದ ಮೇಲೆ ಅವನು ನಿಲ್ಲಿಸಲೆಂದು ಗುಂಡಿ ಒತ್ತಿದ ಕಡೆಯಿಂದ: ಆರು ನಿಮಿಷ ಖಾಲಿ ಆಕಾಶ, ಹಿಂದೆ ಅವನದೇ ಅಪಸ್ವರದ ಗುನುಗು. ಮೂರು ಸಲ ಹುಡುಕಿದ. ಇಲ್ಲದ್ದು ಎಲ್ಲಿಂದ ಬರಬೇಕು?

ಇಂಥದಕ್ಕೆ ಮೈದಾನದಲ್ಲಿ ಒಂದು ಕ್ರಮವಿದೆ. ತಪ್ಪಾಯಿತು ಅನ್ನಬೇಕು, ಯಜಮಾನನಿಗೆ ತಿಳಿಸಬೇಕು, ಬಂದವರನ್ನು ಪುಕ್ಕಟೆಯಾಗಿ ಇನ್ನೊಮ್ಮೆ ಹಾರಿಸಬೇಕು. ಆಗ ಹೇಳಿದ್ದರೆ ಒಂದು ಗಂಟೆಯ ಅವಮಾನದಲ್ಲಿ ಮುಗಿಯುತ್ತಿತ್ತು. ಆದರೆ ಕೋಣೆಯ ಹೊರಗಿನ ಗೋಡೆಯಲ್ಲಿ ಅವನ ಫೋಟೋದ ಕೆಳಗೆ ‘ಹದಿನಾಲ್ಕು ವರ್ಷ, ಒಂದೂ ತಪ್ಪಿಲ್ಲ’ ಎಂಬ ಫಲಕ ನೇತಾಡುತ್ತಿತ್ತು. ಯಜಮಾನ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದ.

ಎಲ್ಲರಿಗೂ ಕೊಡುವುದು ಅದೇ ಹಳದಿ ಅಂಗಿ, ಅದೇ ಕನ್ನಡಕ. ಆ ಗಾಳಿಯಲ್ಲಿ ಯಾರ ಮುಖವೂ ಅವರದಾಗಿ ಉಳಿಯುವುದಿಲ್ಲ. ಹಳೆಯ ಕಡತ ಕೆದಕಿದಾಗ ಅಕ್ಕನ ಮೈಕಟ್ಟಿನ ಇಬ್ಬರು ಹೆಂಗಸರು ಸಿಕ್ಕಿದರು. ಒಬ್ಬಳು ಕಣ್ಣರಳಿಸಿ, ಬಾಯ್ತುಂಬ ನಗುತ್ತಿದ್ದಳು. ಯಾರು ನೋಡಿದರೂ ಬೇರೆಯವಳೆಂದು ತಿಳಿಯುತ್ತಿತ್ತು. ಇನ್ನೊಬ್ಬಳು ತುಟಿ ಕಚ್ಚಿ, ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಕಣ್ಣು ಮುಚ್ಚಿದ ಮುಖವನ್ನು ಗುರುತು ಹಿಡಿಯುವುದು ಕಷ್ಟ. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಅವಳನ್ನು ಆರಿಸಿಕೊಂಡ. ಮೊದಲಿಗೆ ವಿಮಾನದೊಳಗಿನ ಅಕ್ಕನದೇ ತುಣುಕು ಜೋಡಿಸಿ, ಸಂಗೀತ ಹಾಕಿದ. ಗಾಜಿನಾಚೆ ಆಕೆ ಮಂಡಿ ಜೋಡಿಸಿಕೊಂಡು, ಕೆದರಿದ ಕೂದಲಲ್ಲಿ, ದಾರಿಯಲ್ಲಿ ಹೋಗುವವರಿಗೆಲ್ಲ ಮುಗುಳ್ನಗುತ್ತ ಕೂತಿದ್ದಳು. ಪೆನ್‌ಡ್ರೈವನ್ನು ಎರಡೂ ಕೈಯಲ್ಲಿ ಈಸಿಕೊಂಡು ಹೋದಳು.

ಆ ವಾರ ಅವನಿಗೆ ಅನ್ನ ಸೇರಲಿಲ್ಲ. ಯಾರಾದರೂ “ಹೆಲ್ಮೆಟ್ಟಣ್ಣಾ” ಅಂದರೆ ಬೆಚ್ಚುತ್ತಿದ್ದ. ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ. ದೀಪ ಮಾತ್ರ ಆ ಸೋಮವಾರವೇ ಸರಿಮಾಡಿದ.

ಮುಂದಿನ ಭಾನುವಾರ ಆಕೆ ಮತ್ತೆ ಬಂದಳು. ಜಗಳಕ್ಕಲ್ಲ. ಜಗಳಕ್ಕೆ ಬಂದಿದ್ದರೆ ಎಷ್ಟೋ ವಾಸಿಯಿತ್ತು.

“ಕೆಲಸದ ಜಾಗದಲ್ಲಿ ಎಲ್ಲರೂ ಕೂತು ನೋಡಿದ್ವಿ ಕಣಪ್ಪಾ. ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ಏನು ಮಾಡೋದು, ನನ್ನ ಹಣೆಬರಹವೇ ಅಷ್ಟು. ಆದ್ರೂ ನೋಡು, ನನಗೆ ನೆನಪಿರೋದೇ ಬೇರೆ. ನಿನ್ನನ್ನ ನೋಡಿದ ಹಾಗೆ ನೆನಪು. ಕೆಳಗೆ ಹೊಳೆ ತಿರುಗೋ ಜಾಗ, ಅಲ್ಲೊಂದು ಬಿಳಿ ಕಟ್ಟಡ, ಎಲ್ಲ ಕಂಡ ಹಾಗೆ ನೆನಪು. ಭಯದಲ್ಲಿ ಮನಸ್ಸು ಏನೇನೋ ಕಟ್ಟಿಕೊಳ್ಳುತ್ತೆ ಅಂತಾರೆ, ಅದೇ ಇರ್ಬೇಕು.” ಆಕೆ ದನಿ ತಗ್ಗಿಸಿದಳು. “ಒಂದೇ ಒಂದು ಕ್ಷಣ ಎಲ್ಲಾದ್ರೂ ಕಣ್ಣು ಬಿಟ್ಟಿರೋದು ಇದ್ರೆ ಹುಡುಕಿ ಒಂದು ಫೋಟೋ ತೆಗೆದುಕೊಡ್ತೀಯಾ? ಅರ್ಧ ಬಿಟ್ಟಿದ್ರೂ ಸಾಕು.”

ನೆಲ ಬಿರಿದು ನುಂಗಬಾರದೇ ಅನಿಸಿತು ಅವನಿಗೆ. ಆಕೆಯ ಬದುಕಿನ ಒಂದೇ ಒಂದು ಧೈರ್ಯವನ್ನು ಇವನು ಕಸಿದುಕೊಂಡಿದ್ದ, ಆಕೆ ಅದನ್ನು ತನ್ನದೇ ತಪ್ಪೆಂದು ಒಪ್ಪಿಕೊಂಡು ಕೈಚಾಚಿ ನಿಂತಿದ್ದಳು. ಆಗಲಾದರೂ ಬಾಯಿ ಬಿಡಬೇಕಿತ್ತು.

“ಹುಡುಕ್ತೀನಿ ಅಕ್ಕಾ,” ಅಂದ.

ಶೆಡ್ಡಿನ ಬಾಗಿಲಲ್ಲಿ ನಿಂತು ಹೆಂಡತಿ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಮಧ್ಯಾಹ್ನ ಕಂಪ್ಯೂಟರ್ ಕೋಣೆಗೆ ಬಂದು, “ಎಲ್ಲಿ, ತೋರಿಸಿ,” ಅಂದಳು. ತೋರಿಸಿದ. ಬೀಳುವ ಜೋಡಿಯ ಹಿಂದೆ, ವೇಗ ತಗ್ಗಿಸಲೆಂದು ಬಿಡುವ ಮರಿ ಪ್ಯಾರಾಚೂಟು ಕಾಣುತ್ತಿತ್ತು. ಹೆಂಡತಿ ಬೀಳುವವಳ ಮುಖವನ್ನು ನೋಡಲೇ ಇಲ್ಲ, ಆ ಮರಿ ಪ್ಯಾರಾಚೂಟನ್ನು ನೋಡಿದಳು.

“ಈ ಕಿತ್ತಳೆ ಬಣ್ಣದ್ದು ಹರಿದು ರಿಪೇರಿಗೆ ಹೋಗಿ ಐದು ವಾರ ಆಯ್ತು. ಹೋದ ವಾರ ನಾನು ಮಡಿಸಿಕೊಟ್ಟಿದ್ದು ನೀಲಿಯದು. ಇದು ಯಾರ್ರೀ?”

ಅವನು ತಲೆ ತಗ್ಗಿಸಿದ.

“ನಾನು ತಪ್ಪಿದ್ರೆ ಜನ ಸಾಯ್ತಾರೆ ಅಂತ ದಿನಾ ಹೆದರ್ಕೊಂಡು ಮಡಿಸ್ತೀನಿ. ನೀವು ತಪ್ಪಿದ್ರೆ ಯಾರೂ ಸಾಯಲ್ಲ ಅಂತ ನಿಮಗೆ ಧೈರ್ಯ, ಅಲ್ವಾ?” ಅಷ್ಟು ಹೇಳಿ ಹೊರಟುಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಸೋಮವಾರ ಬೆಳಗ್ಗೆ ಆಸ್ಪತ್ರೆಗೆ ಹೋದ. ನೆಲಮಾಳಿಗೆಯಲ್ಲಿ ಆಳೆತ್ತರದ ಯಂತ್ರಗಳು ಗಿರಗಿರ ತಿರುಗುತ್ತಿದ್ದವು. ಸಾಬೂನಿನ ಬಿಸಿ ಆವಿಗೆ ಉಸಿರು ಕಟ್ಟುವಂತಿತ್ತು. ಅಕ್ಕ ಇನ್ನೊಬ್ಬಳ ಜೊತೆ ಹಾಸುಬಟ್ಟೆಯ ತುದಿ ಹಿಡಿದು, ದೊಡ್ಡ ಇಸ್ತ್ರಿ ಉರುಳೆಗೆ ಕೊಡುತ್ತಿದ್ದಳು. ಇವನನ್ನು ಕಂಡು ಮುಖ ಅರಳಿತು. “ಸಿಕ್ತೇನಪ್ಪಾ?”

ಪಕ್ಕಕ್ಕೆ ಕರೆಯಬೇಕೆಂದುಕೊಂಡೇ ಬಂದಿದ್ದ. ಆದರೆ ನಕ್ಕವರೆಲ್ಲ ಅಲ್ಲೇ ಇದ್ದರು. ಅವರ ಮುಂದೆಯೇ ಹೇಳಿದ. ದೀಪ ಕೆಟ್ಟಿದ್ದು, ಗುಂಡಿ ತಪ್ಪಿದ್ದು, ಬೇರೆ ಹೆಂಗಸನ್ನು ಜೋಡಿಸಿದ್ದು, ಯಾವುದನ್ನೂ ಬಿಡಲಿಲ್ಲ. ಯಾರೋ ಯಂತ್ರ ನಿಲ್ಲಿಸಿದರು.

“ಅಂದ್ರೆ ಅದು ನಾನಲ್ಲ,” ಅಂದಳು ಅಕ್ಕ.

“ಅಲ್ಲ ಅಕ್ಕಾ. ನೀವು ಕಣ್ಣು ಬಿಟ್ಟಿದ್ರಿ. ನಾನೇ ನೋಡಿದ್ದೀನಿ. ನನ್ನನ್ನ ನೋಡಿದ್ರಿ. ಆಮೇಲೆ ಕೆಳಗೆ, ಹೊಳೆ ತಿರುಗೋ ಕಡೆ...”

“ಹೊಳೆ ವಿಷಯ ನಾನೇ ಹೇಳಿದ್ದು. ನಿನ್ನೆ.”

ಹೌದು, ಆಕೆಯೇ ಹೇಳಿದ್ದು. ಅವನು ಅವಸರದಲ್ಲಿ ಎಡಗಣ್ಣು ಮೊದಲು ತೆರೆದದ್ದನ್ನು, ಏನೋ ಕೂಗಿದ್ದನ್ನು ಹೇಳಿದ. ಹೇಳುತ್ತಿದ್ದಂತೆ, ಕಟ್ಟಿ ಹೇಳುವವನೂ ಹೀಗೇ ಒಂದೊಂದನ್ನೇ ಸೇರಿಸುತ್ತಾನೆ ಎಂದು ಅವನಿಗೇ ಅನಿಸಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

“ಇನ್ನೊಂದು ಸಲ ಹಾರಿ ಅಕ್ಕಾ. ಎಲ್ಲ ನನ್ನ ಖರ್ಚು. ಈ ಸಲ ದೀಪ...”

“ಅವತ್ತು ಬಿಟ್ಟಿದ್ದೆನೋ ಇಲ್ವೋ ಅನ್ನೋದು ಇನ್ನೊಂದು ದಿನ ಹಾರಿದ್ರೆ ಗೊತ್ತಾಗುತ್ತಾ?” ಆಕೆಗೆ ಸಿಟ್ಟು ಬಂದಿರಲಿಲ್ಲ. ನಿಜವಾಗಿ ಉತ್ತರ ಬೇಕಾದವಳಂತೆ ಅವನ ಮುಖವನ್ನೇ ನೋಡುತ್ತಿದ್ದಳು. ಅಪ್ಪಾ ಎಂದು ಕರೆಯುತ್ತಿದ್ದವಳು ಈಗ ಬಹುವಚನಕ್ಕೆ ಬಂದಿದ್ದಳು. “ಇಳಿದ ಕೂಡಲೇ ಬಿಟ್ಟಿದ್ರಿ ಅಂದ್ರಿ. ಅರ್ಧ ಗಂಟೆಗೆ ಕಣ್ಣು ಮುಚ್ಚಿದವಳನ್ನ ತಂದುಕೊಟ್ರಿ. ನಿನ್ನೆ ಹುಡುಕ್ತೀನಿ ಅಂದ್ರಿ. ಇವತ್ತು ಮತ್ತೆ ಬಿಟ್ಟಿದ್ರಿ ಅಂತೀರಿ. ಇದ್ರಲ್ಲಿ ಯಾವುದನ್ನ ನಂಬ್ಕೊಂಡು ನಾನು ಮನೆಗೆ ಹೋಗ್ಲಿ, ನೀವೇ ಹೇಳಿ.”

ಆಕೆ ಹಾಸುಬಟ್ಟೆಯ ತುದಿಯನ್ನು ಮತ್ತೆ ಹಿಡಿದುಕೊಂಡಳು, ಯಂತ್ರ ಶುರುವಾಯಿತು.

“ಸ್ವಲ್ಪ ದಾರಿ ಬಿಡಿ, ಗಾಡಿ ಹೋಗ್ಬೇಕು,” ಅಂದರು ಹಿಂದಿನಿಂದ ಯಾರೋ. ಅವನು ಗೋಡೆಗೆ ಸರಿದು ನಿಂತ.