ಒಪ್ಪೋಲೆ

ನಮ್ಮ ಪ್ರಕಾಶನದ ಕಚೇರಿಯಲ್ಲಿ ಕರಡು ತಿದ್ದುವವರಿಗೆ ನಾವಿಟ್ಟ ಹೆಸರು ಅಲ್ಪವಿರಾಮ. ಅಷ್ಟು ತಡೆದು ತಡೆದು ಮಾತಾಡುತ್ತಾರೆ. ಅವರ ಮಾತಿಗೆ ಪೂರ್ಣವಿರಾಮ ಬೀಳುವಷ್ಟರಲ್ಲಿ ಕೇಳುವವರ ಚಹಾ ಆರಿರುತ್ತದೆ. ನಾನು ಅಲ್ಲಿ ಅಕ್ಷರ ಜೋಡಿಸುವವಳು. ಅವರ ಮೇಜಿಗೂ ನನ್ನ ಕಂಪ್ಯೂಟರಿಗೂ ನಡುವೆ ಒಂದು ಬೀರು ಮಾತ್ರ ಅಡ್ಡ. ಹನ್ನೆರಡು ವರ್ಷ ಅವರ ಕೆಮ್ಮು ಕೇಳಿದ್ದೆ, ಮನೆಯ ಸುದ್ದಿ ಕೇಳಿರಲಿಲ್ಲ.

ಕಥೆ, ಕಾದಂಬರಿ ಅವರು ಮುಟ್ಟುವುದಿಲ್ಲ. "ಅದರಲ್ಲಿ ಸರಿ ಯಾವ್ದು, ತಪ್ಪು ಯಾವ್ದು ಅಂತ, ಯಾರನ್ನ ಕೇಳ್ಲಮ್ಮ?" ಎನ್ನುತ್ತಾರೆ. ಜೇನುನೊಣ, ಸೇತುವೆ, ನಿದ್ದೆ, ಉಪ್ಪಿನ ಚರಿತ್ರೆ, ಯಾರದೋ ಜೀವನ, ಹೀಗೆ ನಿಜ ಸಂಗತಿಯ ಪುಸ್ತಕಗಳಷ್ಟೇ ಅವರ ಪಾಲಿಗೆ. ಬಾಗಿಲ ಪಕ್ಕದ ಹಲಗೆಯ ಮೇಲೆ ಪ್ರತಿ ತಿಂಗಳು 'ಓದಬಹುದಾದ ಹೊಸ ಪುಸ್ತಕಗಳು' ಎಂದು ಮೂರು ಹೆಸರು ಬರೆದು, ಒಂದೊಂದರ ಮುಂದೆ ಒಂದು ಸಾಲು ಸೇರಿಸುವುದೂ ಅವರೇ. ಅವರ ಅತಿ ದೊಡ್ಡ ಹೊಗಳಿಕೆ ಎಂದರೆ 'ಇಸವಿಗಳೆಲ್ಲ ಸರಿಯಾಗಿವೆ' ಎನ್ನುವುದು. ಮೊಸರಲ್ಲಿ ಕಲ್ಲು ಹುಡುಕುವ ಮನುಷ್ಯ ಅದಕ್ಕಿಂತ ಹೆಚ್ಚು ಏನು ಹೇಳಿಯಾರು!

ಒಮ್ಮೆ ಅವರಿಗೆ ಜ್ವರ ಬಂದಾಗ ಕರಡು ಕೊಟ್ಟುಬರಲು ಹೋಗಿದ್ದೆ. ಮಹಡಿಯ ಮೇಲೆ ಬಾಡಿಗೆಗೆ ಹಿಡಿದ ಒಂದೇ ಕೋಣೆ. ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ. ನನ್ನನ್ನು ಕೂರಿಸಿ ಅವರು ನಿಂತೇ ಇದ್ದರು. ನಾನು ನೀರು ಕುಡಿದಿಟ್ಟ ಲೋಟವನ್ನೇ ತೊಳೆದು ತಾವು ಮಾತ್ರೆ ನುಂಗಿದರು. ನನಗೆ ಅಯ್ಯೋ ಅನ್ನಿಸಿತು, ಸಿಟ್ಟೂ ಬಂತು. ಇನ್ನೊಬ್ಬರು ಬರಬಹುದು ಎಂಬ ಆಸೆಯನ್ನಾದರೂ ಇಟ್ಟುಕೊಳ್ಳಬಾರದೇ ಮನುಷ್ಯ?

ಕಳೆದ ವರ್ಷ ನಿವೃತ್ತ ನರ್ಸೊಬ್ಬರ ಪುಸ್ತಕ ಬಂತು. ವಾರ್ಡುಗಳಲ್ಲಿ ಮೂವತ್ತು ವರ್ಷ ಕಂಡದ್ದು, ನಡುನಡುವೆ ತಮ್ಮ ಮನೆಯ ನೆನಪು. ಕೊನೆಯ ಕರಡು ತಮಗೆ ಕಳಿಸುವುದು ಬೇಡ, ನಿಮ್ಮಲ್ಲಿ ನೋಡುವವರು ಇದ್ದಾರಲ್ಲ ಎಂದು ಲೇಖಕಿ ಹೇಳಿಕಳಿಸಿದ್ದರು. ಅಲ್ಪವಿರಾಮ ಅದನ್ನು ಎರಡು ವಾರ ಇಟ್ಟುಕೊಂಡರು. ವಾಪಸು ಬಂದಾಗ ನಲವತ್ತೊಂದನೇ ಪುಟದಲ್ಲಿ ಪೆನ್ಸಿಲ್ ಗುರುತು ಹಾಕಿ, ಅಳಿಸಿ, ಮತ್ತೆ ಹಾಕಿ ಅಳಿಸಿ ಕಾಗದವೇ ಸವೆದಿತ್ತು. 'ಅಮ್ಮ ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದಳು' ಎಂಬ ಸಾಲು.

"ಸಾರ್, ಇದನ್ನ ತಿದ್ಬೇಕಾ, ಬೇಡ್ವಾ?"

"ಬೇಡ. ಅದು ನಲವತ್ತೇಳು. ಆದ್ರೂ, ಬೇಡ." ಪುಟ ತಿರುವಿಹಾಕಿ ಹೇಳಿದರು, "ಬರೆದವಳು, ನನ್ನ ತಂಗಿ."

ಹನ್ನೊಂದು ವರ್ಷದ ಹಿಂದೆ ಅವರ ಅಮ್ಮ ತೀರಿಕೊಂಡಾಗ ಬಂಧುಗಳೆಲ್ಲ ಸೇರಿದ್ದರಂತೆ. ತಂಗಿ ಅಮ್ಮನ ಬಗ್ಗೆ ಬರೆದು ತಂದದ್ದನ್ನು ಎದ್ದು ನಿಂತು ಓದುತ್ತಿದ್ದಳು. ಇದೇ ಸಾಲು ಬಂದಾಗ ಇವರು ಕೂತಲ್ಲಿಂದಲೇ "ನಲವತ್ತೇಳು" ಎಂದರು. ಯಾರೋ ಕಿಸಕ್ಕನೆ ನಕ್ಕರು. ಅವಳು ಕಾಗದ ಮಡಿಚಿ ಕೂತುಬಿಟ್ಟಳು. ಅಂದಿನಿಂದ ಅಣ್ಣ ತಂಗಿಗೆ ಮಾತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವರು ಆಡಿದ್ದು ಒಂದೇ ಮಾತು, ಅದೂ ಸರಿಯಾದ ಮಾತು.

"ಈ ಸಲ ನಾನು ಬಾಯಿ ಹಾಕಲ್ಲಮ್ಮ. ಅವಳು ಹೇಳಿದ್ದು, ಹೇಳಿದ ಹಾಗೇ ಇರ್ಲಿ. ಪುಸ್ತಕ ನೋಡಿದ್ರೆ ಅವಳಿಗೇ ಗೊತ್ತಾಗುತ್ತೆ. ಫೋನ್ ಮಾಡ್ತಾಳೆ."

ಪುಸ್ತಕ ಹೊರಬಂತು. ಹಲಗೆಯ ಮೇಲೆ ಅದೇ ಮೊದಲ ಹೆಸರು, ಮುಂದೆ 'ಓದಿ' ಎಂಬ ಒಂದೇ ಪದ. ಒಂದು ತಿಂಗಳು ಅವರು ಊಟದ ಹೊತ್ತಿಗೂ ಕಚೇರಿಯ ಫೋನಿನ ಪಕ್ಕ ಬಿಟ್ಟು ಏಳಲಿಲ್ಲ. ಅದು ಬಡಿದುಕೊಂಡಾಗಲೆಲ್ಲ ಕನ್ನಡಕ ತೆಗೆದು ಕಾಯುತ್ತಿದ್ದರು. ಎಲ್ಲವೂ ಪುಸ್ತಕದಂಗಡಿಯವರ ಕರೆಗಳೇ.

ತಂಗಿಯ ಕರೆ ಬಂದಾಗ ಅವರು ಕೆಳಗೆ ಮುದ್ರಣದ ಕೋಣೆಯಲ್ಲಿದ್ದರು. ನಾನು ಎತ್ತಿದೆ.

"ನಮ್ಮಣ್ಣ ಈಗ್ಲೂ ಅಲ್ಲಿ ಕರಡು ನೋಡ್ತಾನಾ?"

"ನೋಡ್ತಾರೆ ಮೇಡಂ."

"ಹಾಗಾದ್ರೆ ನನ್ನ ಪುಸ್ತಕಾನ ಬೇರೆಯವ್ರಿಗೆ ದಾಟಿಸಿದಾನೆ. ಐವತ್ತು ಅಂತ ಬೇಕೂಂತಲೇ ಬಿಟ್ಟಿದ್ದೆ. ಅವನು ಓದಿದ್ರೆ ತಿದ್ದದೆ ಇರ್ತಿದ್ನಾ? ತಿದ್ದಿದ್ರೆ ನಾನೇ ಬರ್ತಿದ್ದೆ. ಇರ್ಲಿ ಬಿಡಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಟ್ಟರು. ಮತ್ತೆ ಮತ್ತೆ ಮಾಡಿದೆ, ಎತ್ತಲಿಲ್ಲ.

ವಿಷಯ ಕೇಳಿ ಅಲ್ಪವಿರಾಮ ಪುಸ್ತಕ ತೆಗೆದು ನಲವತ್ತೊಂದನೇ ಪುಟ ಬಿಡಿಸಿದರು. ಜನ್ಮದಲ್ಲಿ ಒಂದು ತಪ್ಪನ್ನು ಪ್ರೀತಿಯಿಂದ ಬಿಟ್ಟಿದ್ದರು, ಅದೇ ತಪ್ಪಾಗಿತ್ತು. ಪುಸ್ತಕ ಮುಚ್ಚಿ ಕೇಳಿದರು, "ಎರಡನೇ ಮುದ್ರಣ, ಯಾವಾಗ?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಮೊದಲನೇದೇ ಗೋಡೌನಲ್ಲಿ ಬಿದ್ದಿದೆ ಸಾರ್! ಸುಮ್ನೆ ಅವರ ಮನೆಗೆ ಹೋಗಿ."

"ಹೋಗಿ, ಏನಂತ ಹೇಳ್ಲಮ್ಮ? ನಂಗೆ ಹಾಗೆಲ್ಲ ಮಾತಾಡೋಕೆ ಬರಲ್ಲ. ಒಂದು ಒಪ್ಪೋಲೆ ಜೋಡಿಸಿಕೊಡು."

ಅಚ್ಚಾದ ಮೇಲೆ ಕಂಡ ತಪ್ಪುಗಳನ್ನು ಸರಿಪಡಿಸಿ ಪುಸ್ತಕದೊಳಗೆ ಇಡುವ ಚೀಟಿಗೆ ನಮ್ಮ ಕಸುಬಿನಲ್ಲಿ ಒಪ್ಪೋಲೆ ಎನ್ನುತ್ತಾರೆ. ಅವರು ಹೇಳುತ್ತಾ ಹೋದರು, ನಾನು ಜೋಡಿಸಿದೆ. 'ಪುಟ ೪೧, ಸಾಲು ೯: ಐವತ್ತು ಎಂಬುದನ್ನು ನಲವತ್ತೇಳು ಎಂದು ಓದಿಕೊಳ್ಳಿ.' ಮುಗಿಯಿತು ಎಂದುಕೊಂಡೆ.

"ಇನ್ನೊಂದಿದೆ," ಎಂದರು.

"ಯಾವ ಪುಟ ಸಾರ್?"

"ಅದು, ಪುಸ್ತಕದಲ್ಲಿಲ್ಲ."

ಒಂದೇ ಪ್ರತಿ ತೆಗೆದೆವು, ಅಂಚೆಗೆ ಹಾಕಿದೆವು. ಎರಡನೇ ಸಾಲು ಹೀಗಿತ್ತು: 'ಅಂದು ಎಲ್ಲರೆದುರು ನಲವತ್ತೇಳು ಎಂದದ್ದನ್ನು ತಪ್ಪಾಯಿತು ಎಂದು ಓದಿಕೋ.'