ಆ ಚೀಟಿಯಲ್ಲಿದ್ದದ್ದು ಆರು

ಗಿರಿಜಮ್ಮ, ನೀವು ಓದಿದ್ದು ಸರಿಯಾಗಿಯೇ ಇತ್ತು. ಸೀರೆಯ ಬೆಲೆಚೀಟಿಯಲ್ಲಿದ್ದದ್ದು ಆರು. ಒಂಬತ್ತು ಎಂದು ನಾನು ಸುಳ್ಳು ಹೇಳಿದೆ—ಗೊತ್ತಿದ್ದೂ ಹೇಳಿದೆ.

ತೀರ್ಥಹಳ್ಳಿಯ ಬಟ್ಟೆ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಅದು. ನವೆಂಬರ್ ತಿಂಗಳ ರಿಯಾಯಿತಿ ಮಾರಾಟಕ್ಕೆ ಚೀಟಿಗಳೆಲ್ಲ ಕನ್ನಡ ಅಂಕಿಯಲ್ಲೇ ಇರಬೇಕೆಂದು ಮಾಲೀಕರಿಗೆ ಹುಮ್ಮಸ್ಸು ಬಂತು. ಕನ್ನಡ ಎಂ.ಎ. ಮಾಡಿದವಳೆಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಿಜವೆಂದರೆ, ಎಂ.ಎ. ಪರೀಕ್ಷೆಯಲ್ಲೂ ಪ್ರಶ್ನೆಯ ಸಂಖ್ಯೆಯನ್ನು ನಾನು ಬರೆದದ್ದು ಇಂಗ್ಲಿಷ್ ಅಂಕಿಯಲ್ಲೇ. ೬ರ ಬಾಲ ಎತ್ತ, ೯ರ ಬಾಲ ಎತ್ತ ಎಂದು ಪ್ರತಿ ಸಲ ತಡವರಿಸುತ್ತಿದ್ದೆ. ಯಾರನ್ನೂ ಕೇಳಲಿಲ್ಲ. ಕೇಳುವುದು ಹೇಗೆ—ಎಂ.ಎ. ಅಲ್ಲವೇ?

ನೀವು ಸೊಸೆಯ ಜೊತೆ ಕೋಣಂದೂರಿನಿಂದ ಬಂದಿದ್ದಿರಿ. ಆರಿಸಿಕೊಂಡದ್ದು ಹಸಿರು ಸೀರೆ—ನೀಲಿಯೂ ಇರಬಹುದು, ಬಣ್ಣದ ವಿಷಯದಲ್ಲಿ ನನ್ನ ನೆನಪನ್ನು ನಂಬಲಾರೆ. ಆಡಿದ ಮಾತುಗಳನ್ನು ಮಾತ್ರ ನಂಬುತ್ತೇನೆ. ಬಿಲ್ಲು ಒಂಬೈನೂರೈವತ್ತು ಎಂದಾಗ ನೀವು ಚೀಟಿಯನ್ನು ಎತ್ತಿ ಹಿಡಿದಿರಿ.

“ಆರ್ನೂರೈವತ್ತು ಅಂತ ಬರ್ದಿದೆ ನೋಡು ತಂಗಿ. ನಾನೇ ಓದಿದ್ದು. ಸಂಘದ ಕ್ಲಾಸಲ್ಲಿ ಕಲ್ತಿದೀನಿ.”

ಮಾಲೀಕರು ಗಲ್ಲಾದಿಂದಲೇ ಕೂಗಿದರು: “ಎಂತದು ಮಾರಾಯ್ತಿ, ಎಷ್ಟು ಬರ್ದಿದೀಯ?”

ನೋಡಿದೆ. ೯ ಇರಬೇಕಾದ ಕಡೆ ೬. ನನ್ನದೇ ಕೈಬರಹ. ತಪ್ಪಾಯಿತು ಎನ್ನಲು ಒಂದು ಕ್ಷಣ—ಒಂದು ಕ್ಷಣಕ್ಕಿಂತ ಹೆಚ್ಚೇ ಸಮಯವಿತ್ತು ನನಗೆ.

“ಇದು ಒಂಬತ್ತು ಕಣಮ್ಮ. ಓದಕ್ಕೆ ಬರ್ದೆ ಇದ್ರೆ ಕೇಳ್ಬೇಕು, ತಕರಾರು ಮಾಡಬಾರ್ದು.”

“ಅತ್ತೆ, ನಿಮ್ಮ ಇಸ್ಕೂಲಿಗೆ ಇವತ್ತೇ ರಜಾ ಕೊಟ್ಬಿಡಿ!” ಎಂದು ನಿಮ್ಮ ಸೊಸೆ ನಕ್ಕಳು. ಸುತ್ತ ಇದ್ದವರೂ ನಕ್ಕರು. ನಾನು ನಕ್ಕೆನೇ? ಇಲ್ಲ ಎನ್ನುತ್ತದೆ ನೆನಪು. ಆದರೆ ಅದು ಯಾವಾಗಲೂ ನನ್ನ ಪರ ವಕಾಲತ್ತು ವಹಿಸುವ ನೆನಪು. ನೀವು ಚೀಟಿಯನ್ನು ಕಣ್ಣಿನ ಹತ್ತಿರ ತಂದಿರಿ, ದೂರ ಹಿಡಿದಿರಿ. ಕೊನೆಗೆ, “ಇದ್ದೀತು ಮೇಡಂ. ನೀವು ಓದ್ದೋರು,” ಎಂದಿರಿ. ತಂಗಿಯಾಗಿದ್ದವಳು ಅಷ್ಟರಲ್ಲಿ ಮೇಡಂ ಆಗಿದ್ದೆ. ಸೀರೆ ಬಿಟ್ಟು ಹೋದಿರಿ.

ಅಂದಿನ ದಿನಚರಿಯನ್ನು ಮೊನ್ನೆ ತೆಗೆದು ನೋಡಿದೆ. ‘ಒಬ್ಬರು ಬೆಲೆಯ ವಿಚಾರಕ್ಕೆ ತಕರಾರು ಮಾಡಿದರು. ಬಗೆಹರಿಯಿತು.’ ಅಷ್ಟೇ. ನನ್ನನ್ನು ಬಿಟ್ಟು ಬೇರೆ ಯಾರೂ ಓದದ ಪುಸ್ತಕದಲ್ಲೂ—

ಎಷ್ಟೋ ವರ್ಷದ ಮೇಲೆ, ಕಳೆದ ತಿಂಗಳು, ನಿಮ್ಮ ಸೊಸೆ ಒಬ್ಬಳೇ ಅಂಗಡಿಗೆ ಬಂದಿದ್ದಳು. ನೀವು ಹೇಗಿದ್ದೀರಿ ಎಂದು ಕೇಳಿದೆ.

“ಅತ್ತೆ ಆವಾಗ್ಲೇ ಕ್ಲಾಸ್ ಬಿಟ್ರಲ್ಲ. ಬಸ್ಸಿನ ಬೋರ್ಡೂ ನನ್ನತ್ರನೇ ಓದಿಸ್ತಾರೆ. ಆರು ಒಂಬತ್ತೇ ಗೊತ್ತಾಗ್ದೋಳಿಗೆ ಇದೆಲ್ಲ ಯಾಕೆ ಅಂತಾರೆ.”

ಆಗಲೂ ನಾನು ಹೇಳಲಿಲ್ಲ. ರವಿಕೆ ಕಣ ಮಡಚಿ ಕೊಟ್ಟೆ.

ಕೆಲಸ ಹೋದೀತೆಂದು ನಾನು ಅಂದು ಹೆದರಿರಲಿಲ್ಲ. ಮಾಲೀಕರು ಬೈದು ಮರೆಯುವ ಮನುಷ್ಯ. ಕನ್ನಡ ಎಂ.ಎ.ಗೆ ಕನ್ನಡ ಅಂಕಿ ಬರದು ಎಂದು ನಾಲ್ಕು ಜನ ನಗುತ್ತಾರೆಂದು ಹೆದರಿದೆ. ನನಗೆ ಸಲ್ಲಬೇಕಾದ ಆ ನಗೆಯನ್ನು ನಿಮ್ಮ ಕಡೆಗೆ ತಿರುಗಿಸಿದೆ. ಕಷ್ಟಪಟ್ಟು ಕಲಿತ ಅಕ್ಷರದ ಮೇಲೆ ನಿಮಗಿದ್ದ ನಂಬಿಕೆಯನ್ನು ಕಿತ್ತುಕೊಂಡೆ.

ಈ ಕಾಗದವನ್ನೇ ಅಂಚೆಗೆ ಹಾಕೋಣವೆಂದುಕೊಂಡಿದ್ದೆ. ಆದರೆ ಬೇರೆಯವರು ಓದಿ ಹೇಳಬೇಕಾದೀತು—ಅದಕ್ಕೂ ಕಾರಣ ನಾನೇ. ಭಾನುವಾರ ಕೋಣಂದೂರಿಗೆ ಬರುತ್ತೇನೆ. ನಿಮ್ಮ ಸೊಸೆಯ ಎದುರಿಗೇ ಹೇಳುತ್ತೇನೆ. ಕೇಳಿದ ಮೇಲೆ ನೀವು ಏನನ್ನುವಿರಿ ಎಂದು ಊಹಿಸಿ ಇಲ್ಲಿ ಒಂದು ಸಾಲು ಬರೆದಿದ್ದೆ. ಹೊಡೆದು ಹಾಕಿದ್ದೇನೆ.