ಬೋರಲು ಮಲಗಿ ಕಾಯ್ದ ಕೋಟೆ

ಆಪರೇಷನ್ ನಡುವೆ ನನಗೆ ಸೀನು ಬರಬಹುದಿತ್ತು. ಮರಗಟ್ಟಿಸುವ ಇಂಜೆಕ್ಷನ್ ಅರ್ಧದಲ್ಲೇ ಇಳಿದುಬಿಡಬಹುದಿತ್ತು. ಬಲಗಣ್ಣಿನ ಬದಲು ಎಡಗಣ್ಣಿಗೆ ಕೈ ಹಾಕಬಹುದಿತ್ತು. ಆ ಭಯಕ್ಕೆ ನರ್ಸಮ್ಮನಿಗೆ ‘ಬಲಗಣ್ಣು, ಬಲಗಣ್ಣು’ ಎಂದು ಮೂರು ಸಲ ಹೇಳಿ, ನಾಲ್ಕನೆಯ ಸಲ ಗಾಬರಿಯಲ್ಲಿ ನಾನೇ ‘ಎಡಗಣ್ಣು’ ಅಂದುಬಿಟ್ಟಿದ್ದೆ. ಸೋಂಕಾಗಬಹುದಿತ್ತು. ಕಣ್ಣಿನ ಪ್ರೆಷರ್ ಏರಬಹುದಿತ್ತು. ನಿದ್ದೆಯಲ್ಲಿ ಮಗ್ಗುಲು ಬದಲಿಸಿ ಎಲ್ಲ ಕೆಡಿಸಿಕೊಳ್ಳಬಹುದಿತ್ತು. ಅಂಟಿಸಿದ ರೆಟಿನಾ ಮತ್ತೆ ಬಿಡಬಹುದಿತ್ತು, ಕಣ್ಣೇ ಹೋಗಬಹುದಿತ್ತು, ಗೋದಾಮಿನ ಸೂಪರ್‌ವೈಸರ್ ಕೆಲಸ ಹೋಗಬಹುದಿತ್ತು. ಹೋಗದಿದ್ದರೂ, ಬಲಗಡೆಯಿಂದ ಬರುವ ಫೋರ್ಕ್‌ಲಿಫ್ಟ್ ಕಾಣದೆ ಅದರಡಿಗೆ ನಾನೇ ಹೋಗಬಹುದಿತ್ತು.

ಈ ಪಟ್ಟಿ ನನಗೆ ಬಾಯಿಪಾಠವಾಗಿತ್ತು.

ಮೊದಲು ಕಂಡದ್ದು ಸೊಳ್ಳೆಗಳು. ದೇವನಹಳ್ಳಿಯಲ್ಲಿ ಸೊಳ್ಳೆಗೇನು ಬರ? ಊಟಕ್ಕೆ ಕೂತವನು ಬಲಗಡೆಗೆ ಕೈ ಬೀಸುತ್ತಲೇ ಇದ್ದೆ.

“ಏನ್ರೀ, ಯಾರಿಗೆ ಟಾಟಾ ಮಾಡ್ತಿದೀರಾ?” ಅಂದಳು ಹೆಂಡತಿ ಸರೋಜ.

“ಸೊಳ್ಳೆ ಕಣೆ.”

“ಒಂದೂ ಇಲ್ಲ.”

ಮಾರನೆಯ ದಿನ ಕಣ್ಣಿನ ಮೂಲೆಯಲ್ಲಿ ಮಿಂಚು. ಅದರ ಮಾರನೆಯ ದಿನ ಒಂದು ಕಪ್ಪು ಪರದೆ. ಇಲ್ಲದ ಕಾಯಿಲೆಗಳಿಗೆಲ್ಲ ಐವತ್ತೊಂದು ವರ್ಷ ಹೆದರಿಕೊಂಡು ಬಂದವನು, ನಿಜವಾದದ್ದು ಬಂದಾಗ ಕನ್ನಡಕ ಒರೆಸಿಕೊಳ್ಳುತ್ತ ಕೂತಿದ್ದೆ.

“ರೆಟಿನಾ ಡಿಟ್ಯಾಚ್ ಆಗಿದೆ,” ಅಂದರು ಬೆಂಗಳೂರಿನ ಕಣ್ಣಾಸ್ಪತ್ರೆಯ ಡಾಕ್ಟರಮ್ಮ. “ನಾಳೇನೇ ಸರ್ಜರಿ.”

ಸರ್ಜರಿ ಆಯಿತು. ಸೀನು ಬರಲಿಲ್ಲ. ಕಣ್ಣೊಳಗೆ ಗ್ಯಾಸಿನ ಗುಳ್ಳೆ ತುಂಬಿದ್ದರು. ಅದು ಮೇಲೇರಿ ಕಣ್ಣಿನ ಹಿಂಭಾಗದ ರೆಟಿನಾವನ್ನು ಒತ್ತಿ ಹಿಡಿಯಬೇಕಾದರೆ ನನ್ನ ಮುಖ ನೆಲ ನೋಡುತ್ತಿರಬೇಕು. ಹತ್ತು ದಿನ. ಉಣ್ಣುವಾಗಲೂ ತಲೆ ಎತ್ತುವಂತಿಲ್ಲ.

“ಗುಳ್ಳೆ ಕರಗೋವರ್ಗೂ ವಿಮಾನ ಹತ್ಬೇಡಿ,” ಅಂದರು ಡಾಕ್ಟರಮ್ಮ. ಇಡೀ ದಿನ ನಮ್ಮ ತಾರಸಿ ಮೇಲೆ ವಿಮಾನಗಳು ಹೋಗುತ್ತವೆ. ನಾನು ಒಂದನ್ನೂ ಹತ್ತಿದವನಲ್ಲ. ಆದರೂ ಹೆದರಿದೆ. “ನಂದಿಬೆಟ್ಟಕ್ಕೂ ಹೋಗ್ಬಾರ್ದಾ?” ಎಂದು ಕೇಳಿದೆ.

“ಇಪ್ಪತ್ತೈದು ವರ್ಷದಿಂದ ಕರೀತಿದೀನಿ ಡಾಕ್ಟ್ರೇ,” ಅಂದಳು ಸರೋಜ. “ಇವತ್ತು ಕೇಳ್ತಿದಾರೆ ನೋಡಿ.”

ಮಂಚದ ಅಂಚಿನಿಂದ ತಲೆ ಹೊರಗಿಟ್ಟು, ಹಣೆಗೆ ದಿಂಬು ಕೊಟ್ಟು ಬೋರಲು ಮಲಗಿದೆ. ಲೋಕವೆಂದರೆ ಇನ್ನು ನೆಲ ಮಾತ್ರ. ನೋಡಲು ಬಂದವರನ್ನು ಪಾದದಿಂದ ಗುರುತು ಹಿಡಿಯಬೇಕು. ತಲೆ ತಗ್ಗಿಸುವಂಥ ಕೆಲಸ ನಾನೇನೂ ಮಾಡಿರಲಿಲ್ಲ. ಆದರೂ ಕೆಲವರ ದನಿಯಲ್ಲಿ ಸಣ್ಣ ಅನುಮಾನವಿತ್ತು.

ಮೂರನೆಯ ದಿನ ಒಂದು ನೀಲಿ ಕಾಲುಚೀಲ, ಒಂದು ಕಪ್ಪು ಕಾಲುಚೀಲ ಬಂದು ನಿಂತವು. ಗೋದಾಮಿನ ಗೆಳೆಯ ಅನ್ವರ್.

“ಡಬ್ಬ ಜಜ್ಜೋಗಿದೆ ಅಂತ ವಾಪಸ್ ಬಂದಿತ್ತು ಗುರು. ಮ್ಯಾನೇಜರ್‌ನ ಕೇಳಿ ತಂದೆ. ಬಿದ್ಕೊಂಡೇ ಯುದ್ಧ ಮಾಡು.”

ಬೋರ್ಡ್ ಗೇಮ್. ಹಳೆಯ ಕಾಲದ ಮೈಸೂರು ಸೀಮೆಯ ಒಂದು ಕೋಟೆ, ಸುತ್ತ ಮುತ್ತಿಗೆ ಹಾಕಿದ ಕಂಪನಿ ಸೈನ್ಯ. ಎಂಟು ವರ್ಷದ ಮಕ್ಕಳೂ ಅರ್ಧ ಗಂಟೆಯಲ್ಲಿ ಆಡಿ ಮುಗಿಸಬಹುದಂತೆ. ಸರೋಜ ಓದಿ ಹೇಳಿಕೊಟ್ಟಳು: ದಾಳ ಎಸೆ, ಬಿದ್ದಷ್ಟು ಮನೆ ನಡೆ, ಎದುರುಬದುರಾದರೆ ಇಬ್ಬರೂ ಎಸೆಯಬೇಕು, ಹೆಚ್ಚು ಬಿದ್ದವರು ಉಳಿಯುತ್ತಾರೆ. ಕೋಟೆ ಗೋಡೆ ಒಡೆಯಲು ಎರಡು ದಾಳದಲ್ಲೂ ಆರು ಬೀಳಬೇಕು. ಕೋಟೆಯೊಳಗಿನ ಹಸಿರು ಬಣ್ಣದ ಮರದ ಸಿಪಾಯಿಗಳು ನನಗೆ, ಮುತ್ತಿಗೆ ಹಾಕಿದ ಕೆಂಪು ಅವಳಿಗೆ. ಬೋರ್ಡು ನನ್ನ ಮೂಗಿನ ನೇರ ಕೆಳಗೆ.

ಕದಲದೆ ಸುಮ್ಮನಿರಲೂ ನಿಯಮದಲ್ಲಿ ಅವಕಾಶವಿತ್ತು. ನಾನು ಬೇರೆ ಯಾವ ಅವಕಾಶವನ್ನೂ ಬಳಸಲಿಲ್ಲ.

ಅವಳು ಅನ್ನಕ್ಕಿಟ್ಟು ಬಂದು ಒಮ್ಮೆ ದಾಳ ಎಸೆಯುವಳು, ಬಟ್ಟೆ ಒಣಹಾಕಿ ಬಂದು ಇನ್ನೊಮ್ಮೆ. ದಿನಕ್ಕೆ ನಾಲ್ಕೈದು ಸುತ್ತಾದರೆ ಹೆಚ್ಚು, ಅರ್ಧ ಗಂಟೆಯ ಆಟ ದಿನಗಟ್ಟಲೆ ಎಳೆಯಿತು. ಅವಳಿಗೆ ಜೋಡಿ ಆರು ಬೀಳಲಿಲ್ಲ, ನಾನು ಬಾಗಿಲು ತೆಗೆಯಲಿಲ್ಲ.

“ಆಚೆ ಬನ್ರೀ.”

“ಬಂದ್ರೆ ಹೊಡೀತೀಯ.”

“ಯುದ್ಧ ಅಂದ್ಮೇಲೆ ಹೊಡೀದೆ ಆರತಿ ಎತ್ಲಾ?”

ನಗು ಬಂದು ತಲೆ ಅಲುಗಿತು. ಗುಳ್ಳೆ ಜರುಗಿತೇನೋ ಎಂದು ಸಂಜೆಯವರೆಗೆ ಕೊರಗಿದೆ.

ಏಳನೆಯ ದಿನ, ಅವಳು ದಾಳ ಎತ್ತಿಕೊಳ್ಳುವಾಗ ಕೇಳಿಯೇಬಿಟ್ಟೆ. “ಕಣ್ಣು ಬರ್ದೇ ಹೋದ್ರೆ?”

ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಪಾದ. ಹೆಬ್ಬೆರಳು ಉಗುರು ಬಿಳಿಚಿಕೊಳ್ಳುವಷ್ಟು ನೆಲವನ್ನು ಒತ್ತಿತ್ತು. ಇಷ್ಟು ವರ್ಷ ಹೆದರುವ ಕೆಲಸವನ್ನು ಮನೆಯಲ್ಲಿ ನಾನೊಬ್ಬನೇ ಮಾಡುತ್ತಿದ್ದೇನೆ, ಅವಳಿಗೆ ಅದರ ಗೊಡವೆಯಿಲ್ಲ ಎಂದು ತಿಳಿದಿದ್ದೆ. ನನ್ನದು ಬಾಯಲ್ಲಿ ಬರುತ್ತಿತ್ತು, ಅವಳದು ಕಾಲಿಗೆ ಇಳಿದಿತ್ತು, ಅಷ್ಟೇ ವ್ಯತ್ಯಾಸ.

“ನಿಮ್ಮ ಸರದಿ,” ಅಂದಳು.

ಒಂಬತ್ತನೆಯ ದಿನ ಅವಳ ಮೇಲೆ ಮರುಕ ಬಂತು. ಜೀವನದಲ್ಲಿ ಒಮ್ಮೆಯಾದರೂ ಧೈರ್ಯ ಮಾಡೋಣ ಎಂದು ಕೋಟೆ ಬಾಗಿಲು ತೆಗೆದು ಸಿಪಾಯಿಗಳನ್ನು ಹೊರಡಿಸಿದೆ. ಅಡುಗೆಮನೆಯಲ್ಲಿ ಹಾಲು ಕಾಯುವಷ್ಟರಲ್ಲಿ ಒಬ್ಬನೂ ಉಳಿಯಲಿಲ್ಲ. ಅವಳು ಚಪ್ಪಾಳೆ ತಟ್ಟಿದಳು.

ಹತ್ತು ದಿನ ಕಳೆದ ಮೇಲೆ ಆಸ್ಪತ್ರೆ. ಡಾಕ್ಟರಮ್ಮ ದೀಪ ಹಿಡಿದು ನೋಡಿದರು. ನೋಡುತ್ತಲೇ ಇದ್ದರು.

“ಚೆನ್ನಾಗಿ ಅಂಟಿದೆ.”

“ನಿಜ್ವಾಗ್ಲೂ?” ನಾನಲ್ಲ, ಸರೋಜ ಕೇಳಿದ್ದು.

“ನಿಜ್ವಾಗ್ಲೂ. ಇನ್ನು ನೆಟ್ಟಗೆ ಓಡಾಡ್ಬಹುದು ಸರ್.”

ಹೊರಗೆ ಬಂದರೂ ಅಭ್ಯಾಸಬಲದಿಂದ ನೆಲವನ್ನೇ ನೋಡುತ್ತಿದ್ದೆ. ಸರೋಜ ನನ್ನ ಗದ್ದ ಹಿಡಿದು ಎತ್ತಿದಳು. ಅವಳ ಮುಖ ಕಂಡಿತು. ಸೊರಗಿದ್ದಳು. ನಗುತ್ತಿದ್ದಳು.

ಗುಳ್ಳೆ ಕೆಲವು ವಾರ ದೃಷ್ಟಿಯ ಅಡಿಯಲ್ಲಿ ಕೊಡದೊಳಗಿನ ನೀರಿನಂತೆ ತುಳುಕಾಡಿತು. ಕಡೆಗೆ ಕಡಲೆಕಾಳಿನಷ್ಟಾಯಿತು. ಒಂದು ಬೆಳಗ್ಗೆ ಇರಲಿಲ್ಲ. ಇನ್ನೂ ಕೆಲವು ತಿಂಗಳು ಎಚ್ಚರವಾಗಿರಿ ಅಂದಿದ್ದಾರೆ. ಎಚ್ಚರವಾಗಿರಲು ನನಗೆ ಯಾರೂ ಕಲಿಸಬೇಕಿಲ್ಲ. ಸೋಮವಾರದಿಂದ ಕೆಲಸ.

ನಿನ್ನೆ ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಸಣ್ಣಕ್ಷರ ಓದೋಣವೆಂದು ಕೈಗೆ ಸಿಕ್ಕ ಹಾಳೆ ತೆಗೆದುಕೊಂಡೆ. ಆಟದ ನಿಯಮದ ಹಾಳೆ. ಹಿಂಬದಿಯ ಕೊನೆಯ ಸಾಲು: ಹನ್ನೆರಡು ಸುತ್ತಿನೊಳಗೆ ಕೋಟೆ ಬೀಳದಿದ್ದರೆ ಕೋಟೆಯವರೇ ಗೆದ್ದಂತೆ.

ಎರಡು ಸಲ ಓದಿದೆ. ಪೂರ್ತಿ ಬಲಗಣ್ಣೇ ಓದಿತು.

“ಸರೋಜಾ! ನಾನು ಐದನೇ ದಿನಾನೇ ಗೆದ್ದಿದ್ದೆ ಕಣೆ!”

“ಹಿಂದ್ಗಡೇನೂ ಬರ್ದಿದ್ರಾ?” ಎಂದಳು ಒಳಗಿನಿಂದ.

ಆಗಬಹುದಾಗಿದ್ದ ಅಷ್ಟೆಲ್ಲದರಲ್ಲಿ ಆದದ್ದು ಇದೊಂದೇ. ಗೆದ್ದು ಕೂತಿದ್ದ ಕೋಟೆಯ ಬಾಗಿಲನ್ನು ನಾನೇ ಕೈಯಾರೆ ತೆಗೆದುಕೊಟ್ಟೆ.